ಅಕ್ಕೋರ ಗಂಟಲು

ಅಕ್ಕೋರ ಕೊರಳಿನ ಬುಡದಲ್ಲಿ, ಎರಡು ಎಲುಬು ಕೂಡುವ ಕುಳಿಯಲ್ಲಿ, ಒಂದು ತೂತಿತ್ತು. ಉಸಿರಾಡುತ್ತಿದ್ದದ್ದು ಅದರಿಂದಲೇ. ಅದರ ಮೇಲೆ ಅಂಗೈಯಗಲದ ಬಟ್ಟೆಯೊಂದು ಇಳಿಬಿದ್ದಿರುತ್ತಿತ್ತು. ಉಸಿರು ಬಿಟ್ಟಾಗಲೆಲ್ಲ ಸಣ್ಣಗೆ ಉಬ್ಬಿ ಇಳಿಯುತ್ತಿತ್ತು. ಆ ಬಟ್ಟೆಗಳನ್ನು ಹೊಲಿದುಕೊಡುತ್ತಿದ್ದವಳು ನಾನು. ಯಲ್ಲಾಪುರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ, ಅಕ್ಕೋರ ಮನೆಗೆ ಅಂಟಿಕೊಂಡೇ. ಉಳಿದ ಬಿಳಿ ತುಂಡಿನಲ್ಲಿ ಏನೋ ಒಂದು ಹೊಲಿದು ಕೊಟ್ಟರೆ ವಾಪಸ್ ಬರುತ್ತಿತ್ತು. ಉಟ್ಟ ಸೀರೆಗೆ ಹೊಂದಬೇಕು, ಅಂಚಿಗೆ ಪೈಪಿಂಗ್ ಇರಬೇಕು. ಉಸಿರಾಡುವುದಕ್ಕೂ ಮ್ಯಾಚಿಂಗ್ ಬೇಕಾ ಎಂದು ನಾನು ಗೊಣಗಿದರೆ ಅವರ ಹೆಗಲು ಕುಲುಕುತ್ತಿತ್ತು. ನಗುತ್ತಿದ್ದಾರೆಂದು ಅದರಿಂದಲೇ ತಿಳಿಯಬೇಕು.

ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತೇವೆ. ಇವರು ನನಗೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರು. ಆಗಿನ ಅವರ ಸ್ವರವೆಂದರೆ, ಆಟದ ಬಯಲಿನಾಚೆ ಕಟ್ಟೆಯ ಮೇಲೆ ಒರಗಿದವರ ನಿದ್ದೆಯೂ ಕೆಡಬೇಕು. ದಾಸವಾಳದ ಚಿತ್ರ ಬರೆಯಿರಿ ಎಂದರೆ ನಾವು ತಲೆ ಎತ್ತದೆ ಐದೆಸಳು ಗೀಚಿ ಮುಗಿಸುತ್ತಿದ್ದೆವು. ಅಕ್ಕೋರು ನಿಜವಾದ ಹೂವನ್ನೇ ತಂದು ನಮ್ಮ ಮೂಗಿನೆದುರು ಹಿಡಿಯುತ್ತಿದ್ದರು. “ಮೊದ್ಲು ನೋಡು, ಆಮೇಲೆ ಬರಿ.” ಲೆಕ್ಕವಿರಲಿ, ಕಾಗುಣಿತವಿರಲಿ, ಅದೊಂದೇ ಮಾತು. ನಮಗೆಲ್ಲ ಅದು ಕೇಳಿ ಕೇಳಿ ಸಾಕಾಗಿತ್ತು.

ನನ್ನ ತರಗತಿಯ ಹುಡುಗನೊಬ್ಬ ಮುಂದೆ ಡಾಕ್ಟರಾದ. ಯಲ್ಲಾಪುರಕ್ಕೇ ಬಂದು, ನಮ್ಮ ಬೀದಿಯ ತುದಿಯಲ್ಲೇ ದವಾಖಾನೆ ತೆರೆದ. ಅಕ್ಕೋರ ಸಂಭ್ರಮ ನೋಡಬೇಕಿತ್ತು. ಸ್ವಂತ ಮಗನಿದ್ದರೂ ಅಷ್ಟು ಹೇಳಿಕೊಳ್ಳುತ್ತಿದ್ದರೋ ಇಲ್ಲವೋ. ಅವರು ದವಾಖಾನೆಗೆ ಹೋದರೆ ಅವನು ಕುರ್ಚಿ ಬಿಟ್ಟೆದ್ದು, ರೋಗಿಗಳೆಲ್ಲ ನೋಡುತ್ತಿದ್ದಂತೆ, ಕಾಲುಮುಟ್ಟಿ ನಮಸ್ಕಾರ ಮಾಡುತ್ತಿದ್ದ. ಫೀ ತೆಗೆದುಕೊಳ್ಳುತ್ತಿರಲಿಲ್ಲ. ಕಲಿಸಿದವರ ಹತ್ತಿರ ಫೀ ತೆಗೆದುಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಅಕ್ಕೋರು ಪ್ರತಿ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಭರಣಿ ಅವನ ಮನೆಗೆ ಮುಟ್ಟಿಸುತ್ತಿದ್ದರು. ಇಬ್ಬರಿಗೂ ಅದರಲ್ಲಿ ಸಂತೋಷವಿತ್ತು.

ನಿವೃತ್ತರಾದ ಮೇಲೆ ಅಕ್ಕೋರ ಸ್ವರ ಒಡೆಯಿತು. ಡಾಕ್ಟರ್ ನಕ್ಕ. “ಅಕ್ಕೋರೆ, ಜೀವಮಾನವೆಲ್ಲ ನಮ್ಮ ಮೇಲೆ ಕೂಗಿದ ಗಂಟ್ಲು ಇದು. ಸುಸ್ತಾಗಿದೆ, ಅಷ್ಟೇ. ಸ್ವಲ್ಪ ಮಾತು ಕಡಿಮೆ ಮಾಡಿ” ಎಂದ. ಚೀಪುವ ಮಾತ್ರೆ, ಉಪ್ಪುನೀರು, ಹಬೆ. ಮಳೆಗಾಲ ಹೋಯಿತು, ಚಳಿ ಹೋಯಿತು, ಮತ್ತೆ ಮಳೆ ಬಂತು. ಸ್ವರ ಕಿವಿಗೆ ಮರಳು ಉಜ್ಜಿದಂತಾಯಿತು. ಒಮ್ಮೆಯೂ ಅವನು ಬಾಯಿ ತೆರೆಸಿ ನೋಡಲಿಲ್ಲ, ಗಂಟಲಿನ ಡಾಕ್ಟರರ ಹತ್ತಿರ ಕಳಿಸಲೂ ಇಲ್ಲ. ಬೇರೆಯವರಿಗೆ ತೋರಿಸುವಾ ಎಂದು ನಾನು ಹೇಳಿದರೆ ಅಕ್ಕೋರಿಗೇ ಸಿಟ್ಟು. “ಅಂವಂಗೆ ಬೇಜಾರಾಗ್ತಿಲ್ಯನೆ? ಯನ್ನ ಮಾಣಿ ಇಪ್ಪಕಾದ್ರೆ ಆನು ಇನ್ನೊಬ್ಬನ ಬಾಗ್ಲಿಗೆ ಹೋಗಕಾ?” ಎನ್ನುತ್ತಿದ್ದರು. ಅವರ ಮನೆಮಾತಿನಲ್ಲಿ ಮಾಣಿ ಎಂದರೆ ಹುಡುಗ, ಆನು ಎಂದರೆ ನಾನು. ಹೀಗೆ ಅವನ ಗೌರವ, ಇವರ ಪ್ರೀತಿ ಎರಡೂ ಸೇರಿ ಗಂಟಲನ್ನು ಮುಚ್ಚಿಟ್ಟವು.

ಉಸಿರು ಕಟ್ಟಲು ಶುರುವಾದ ಮೇಲೆ ನಾನೇ ಹಟಮಾಡಿ ಹುಬ್ಬಳ್ಳಿಗೆ ಕರೆದೊಯ್ದೆ. ಅಲ್ಲಿಯ ಗಂಟಲಿನ ಡಾಕ್ಟರು ನಳಿಕೆ ಇಳಿಸಿ ನೋಡಿ ನನ್ನನ್ನು ಹೊರಗೆ ಕರೆದರು. “ಇಷ್ಟ್ ದಿನಾ ಏನ್ ಮಾಡ್ತಿದ್ರಿ? ಮೊದ್ಲ ಬಂದಿದ್ರ ದನಿ ಉಳಿತಿತ್ರೀ” ಎಂದರು. ಕ್ಯಾನ್ಸರ್ ಸ್ವರಪೆಟ್ಟಿಗೆಯನ್ನು ಪೂರ್ತಿ ಹಿಡಿದಿತ್ತು. ತೆಗೆಯದೆ ಗತಿಯಿರಲಿಲ್ಲ. ಅದಕ್ಕಾಗಿ ಅಕ್ಕೋರು ತಮ್ಮ ಪುಟ್ಟ ಮನೆಯನ್ನು ಅಡವಿಟ್ಟರು. ಆಮೇಲೆ ಬಂದದ್ದು ಮಾತಾಡಿಸುವ ಯಂತ್ರ: ಬ್ಯಾಟರಿ ಟಾರ್ಚಿನಷ್ಟು ಉದ್ದದ್ದು, ಗದ್ದದ ಕೆಳಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಜೀರುಂಡೆಯ ಹಾಗೆ ಗುಂಯ್ ಎಂದು ಮಾತಾಗುತ್ತಿತ್ತು. ಮೊದಲ ಸಲ ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ.

ಕೇಸು ಹಾಕಬೇಕೆಂದು ಅಕ್ಕೋರು ಮೊದಲೇ ಹೊರಟವರಲ್ಲ. ದವಾಖಾನೆಗೆ ಹೋಗಿ, “‘ನೋಡಿದ್ನಿಲ್ಲೆ, ತಪ್ಪಾತು’ ಹೇಳಿ ಒಂದು ಮಾತು ಹೇಳು ಮಾಣಿ” ಎಂದು ಕೇಳಿದರು. ಅವನು ತಲೆ ತಗ್ಗಿಸಿ, “ಎಲ್ಲ ಹಣೆಬರಹ ಅಕ್ಕೋರೆ” ಎಂದ. ಮನೆಗೆ ಬಂದವರೇ ವಕೀಲರಿಗೆ ಫೋನು ಮಾಡಲು ನನಗೆ ಹೇಳಿದರು. ಪರಿಹಾರ ಸಿಕ್ಕರೆ ಮನೆ ಬಿಡಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚಾಗಿ, ಅವನು ನೋಡಲಿಲ್ಲ ಎಂಬುದನ್ನು ಯಾರಾದರೂ ಬರೆದು ಸಹಿ ಹಾಕಬೇಕಿತ್ತು ಅವರಿಗೆ.

ಕಾರವಾರದ ಗ್ರಾಹಕ ನ್ಯಾಯಾಲಯಕ್ಕೆ ಅವನ ಕಡೆಯ ಉತ್ತರ ಬಂತು. ಇವರು ಯಾವತ್ತೂ ಫೀ ಕೊಟ್ಟಿಲ್ಲ, ಆದ್ದರಿಂದ ಗ್ರಾಹಕರೇ ಅಲ್ಲ. ಗುರುಗಳೆಂಬ ಗೌರವದಿಂದ ಮಾತಿನ ಮಧ್ಯೆ ಸಲಹೆ ಕೊಟ್ಟದ್ದಷ್ಟೇ, ಇವರು ತನ್ನ ರೋಗಿಯೂ ಅಲ್ಲ. ಅಕ್ಕೋರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು. ನಮಸ್ಕಾರವೇ ಕೊರಳಿಗೆ ಉರುಳಾಗುತ್ತದೆಂದು ಯಾರಿಗೆ ಗೊತ್ತಿತ್ತು!

ನಮ್ಮ ವಕೀಲರು ಚುರುಕು. “ಉಪ್ಪಿನಕಾಯಿ ಕೊಡ್ತಿದ್ರಲ್ಲ, ಅದೇ ಫೀ ಅಂತ ಹೇಳುವಾ ಅಕ್ಕೋರೆ. ಫೀ ದುಡ್ಡೇ ಆಗ್ಬೇಕು ಅಂತಿಲ್ಲ” ಎಂದರು.

ಯಂತ್ರ ಗುಂಯ್ ಎಂದಿತು. “ಅದು ಫೀ ಅಲ್ಲ. ಪ್ರೀತಿಂದ ಕೊಟ್ಟಿದ್ದು. ಆನು ಸುಳ್ಳು ಬರೆಸ್ತ್ನಿಲ್ಲೆ.”

ನನಗೆ ಉರಿಯಿತು. ಅವನು ನಮಸ್ಕಾರವನ್ನೇ ಸುಳ್ಳು ಮಾಡಿದ್ದಾನೆ, ನಿಮಗೆ ಉಪ್ಪಿನಕಾಯಿಯ ಸತ್ಯ ಬೇಕಾ ಎಂದು ಕೂಗಿಯೇ ಬಿಟ್ಟೆ. ಅಕ್ಕೋರು ಕದಲಲಿಲ್ಲ. ವಕೀಲರು ಬೇರೆ ದಾರಿ ಹುಡುಕಿದರು: ಉಳಿದವರಿಂದ ಫೀ ವಸೂಲು ಮಾಡುವ ಡಾಕ್ಟರು, ಒಬ್ಬರಿಗೆ ಅದನ್ನು ಬಿಟ್ಟುಕೊಟ್ಟರೂ, ಕಾನೂನಿಗೆ ಒಳಪಡುತ್ತಾರಂತೆ. ಆ ಬಾಗಿಲು ತೆರೆಯಿತು ಎನ್ನುವಷ್ಟರಲ್ಲಿ ಇನ್ನೊಂದು ಮುಚ್ಚಿತು. ತಪ್ಪಾಗಿದೆ ಎಂದು ಇನ್ನೊಬ್ಬ ಡಾಕ್ಟರು ಬರೆದುಕೊಡಬೇಕು. ಶಿರಸಿಯಲ್ಲಿ ಕೇಳಿದೆವು, ಚಹಾ ಕುಡಿಸಿ ಕಳಿಸಿದರು. ಹುಬ್ಬಳ್ಳಿಗೆ ಹೋದೆವು. ಮೊದಲ ದಿನ ಅಷ್ಟು ಸ್ಪಷ್ಟವಾಗಿ ಹೇಳಿದ್ದ ಅದೇ ಡಾಕ್ಟರು, “ಹೇಳೂದು ಬ್ಯಾರೆ, ಬರದ್ ಕೊಡೂದು ಬ್ಯಾರೆರೀ” ಎಂದರು. ಬಾಯಲ್ಲಿ ಎಲ್ಲರೂ ಹೇಳುವವರು, ಕಾಗದದಲ್ಲಿ ಒಬ್ಬರೂ ಇಲ್ಲ. ಊರಿನಲ್ಲಿಯೋ, ಗುರುವಾಗಿ ಶಿಷ್ಯನ ಅನ್ನಕ್ಕೆ ಕಲ್ಲು ಹಾಕುತ್ತಾರೆ ಎಂಬ ಮಾತು.

ಕೋರ್ಟಿನ ಒಂದು ತಾರೀಕಿಗೆ ಕಾರವಾರಕ್ಕೆ ಹೊರಟಾಗ ಅರಬೈಲು ಘಟ್ಟದಲ್ಲಿ ಟ್ಯಾಂಕರ್ ಮಗುಚಿತ್ತು. ನಮ್ಮ ಬಸ್ಸು ಹಿಂದೆಯೂ ಹೋಗದು, ಮುಂದೆಯೂ ಹೋಗದು. ಲಾರಿಗಳ ಹೊಗೆ ಒಳಗೆ ನುಗ್ಗುತ್ತಿತ್ತು. ಅಕ್ಕೋರಿಗೆ ಮೂಗು ಮುಚ್ಚಿ ಪ್ರಯೋಜನವಿಲ್ಲ. ನಾನು ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೊರಳಿಗೆ ಹಿಡಿದು ಕೂತೆ. ಗಡಿಯಾರ ನೋಡುವುದನ್ನು ಅವರು ಬಿಟ್ಟರು. ಯಂತ್ರ ಒತ್ತಿ, “ತಂಗಿ, ಯಂಗೆ ಸಿಟ್ಟು ಬತ್ತು. ಆದ್ರೆ ಕೂಗಲೆ ಬತ್ತಿಲ್ಲೆ” ಎಂದರು. ಆ ಸ್ವರದಲ್ಲಿ ಸಿಟ್ಟೂ ಅಳುವೂ ಒಂದೇ ಥರ ಕೇಳುತ್ತಿತ್ತು.

ಮುಂದಿನ ತಾರೀಕಿನಲ್ಲಿ ನ್ಯಾಯಾಲಯದ ಪಡಸಾಲೆಯಲ್ಲಿ ಡಾಕ್ಟರ್ ಎದುರಾದ. ಅಭ್ಯಾಸಬಲ, ಬಗ್ಗಿ ಕಾಲುಮುಟ್ಟಲು ಬಂದ. ಅಕ್ಕೋರು ಪಾದಗಳನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಂಡರು. “ಕಾಲು ನೋಡಿದ್ದು ಸಾಕು ಮಾಣಿ. ಗಂಟ್ಲು ನೋಡಕಾಗಿತ್ತು.” ಜನ ತಿರುಗಿ ನೋಡಿದರು. ಬಗ್ಗಿದವನಿಗೆ ಎದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ವಾಪಸ್ ಬರುವಾಗ ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕೊರಳಿನ ಬಟ್ಟೆ ಜೋರಾಗಿ ಮೇಲೆ ಕೆಳಗೆ ಆಗುತ್ತಿತ್ತು.

ರೋಗ ತಾರೀಕಿಗೆ ಕಾಯಲಿಲ್ಲ. ಅದು ಶ್ವಾಸಕೋಶಕ್ಕೆ ಇಳಿಯಿತು. ಕೊನೆಯ ದಿನಗಳಲ್ಲಿ ಯಂತ್ರ ಹಿಡಿಯಲು ಕೈಯಲ್ಲಿ ಶಕ್ತಿಯಿಲ್ಲದೆ, ನನ್ನ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದರು. ಹೆಚ್ಚಾಗಿ ಬರೆದದ್ದು “ತಾರೀಕು?” ಎಂದು. ಮುಂದೆ ಹೋಗಿದೆ ಅಕ್ಕೋರೆ ಎನ್ನುತ್ತಿದ್ದೆ. ನಸುನೀಲಿ ಸೀರೆ ಉಡಿಸಿ, ಅದೇ ಬಣ್ಣದ ಬಟ್ಟೆಯನ್ನು ಕೊರಳಿಗೆ ಕಟ್ಟಿ ಕಳಿಸಿಕೊಟ್ಟೆವು. ಮನೆ ಬ್ಯಾಂಕಿನ ಪಾಲಾಯಿತು. ಕೇಸನ್ನು ಮುಂದುವರಿಸಬಹುದಾಗಿದ್ದವರು ಸಿದ್ದಾಪುರದಲ್ಲಿದ್ದ ಅವರ ಸ್ವಂತ ತಂಗಿ. ಹೋದವರೇ ಹೋದ ಮೇಲೆ ಕೋರ್ಟು ಎಂತಕ್ಕೆ ಎಂದು ಕೈಬಿಟ್ಟರು. ಅವನು ನೋಡಲಿಲ್ಲ ಎಂದು ಯಾರೂ ಬರೆಯಲಿಲ್ಲ.

ಈ ಚಳಿಗಾಲ ನನಗೆ ಕೆಮ್ಮು ಹಿಡಿಯಿತು, ಸ್ವರ ಕಟ್ಟಿತು. ನಮ್ಮ ಬೀದಿಯ ತುದಿಯ ಆ ದವಾಖಾನೆಗೇ ಹೋದೆ. ಬೇರೆ ಕಡೆ ಹೋಗಬಹುದಿತ್ತು, ಹೋಗಲಿಲ್ಲ. ಕೂತ ಕೂಡಲೇ ಫೀಯ ನೋಟನ್ನು ಮೇಜಿನ ಮೇಲಿಟ್ಟೆ.

“ಅಯ್ಯೋ, ಒಂದೇ ಕ್ಲಾಸಿನವರು. ನಿನ್ನ ಹತ್ರ ಎಂತ ಫೀ?” ಎಂದ.

“ತಗೋ. ರಶೀದಿ ಕೊಡು.”

ಅವನು ರಶೀದಿ ಹರಿದು ಕೊಟ್ಟ. “ಚಳಿಗೆ ಎಲ್ಲರಿಗೂ ಆಗ್ತಿದೆ” ಎನ್ನುತ್ತ ಔಷಧಿ ಬರೆಯಲು ಚೀಟಿ ಎಳೆದುಕೊಂಡ.

“ಮೊದ್ಲು ನೋಡು” ಎಂದೆ. “ಆಮೇಲೆ ಬರಿ.”

ಪೆನ್ನು ನಿಂತಿತು. ಅದು ಯಾರ ಮಾತೆಂದು ಅವನಿಗೂ ಗೊತ್ತಿತ್ತು. ಡ್ರಾಯರಿನಲ್ಲಿ ಬ್ಯಾಟರಿ ಟಾರ್ಚು ಹುಡುಕಿದ, ಸಿಗಲು ಹೊತ್ತಾಯಿತು. ನಾನು ಬಾಯಿ ತೆರೆದೆ. ಅವನು ಬಗ್ಗಿ ಗಂಟಲೊಳಗೆ ಬೆಳಕು ಬಿಟ್ಟ. ಅವನು ನೋಡಿ ಮುಗಿಸುವವರೆಗೂ ನಾನು ಬಾಯಿ ಮುಚ್ಚಲಿಲ್ಲ.