ಭುಜ ತಾಗಿಸದ ಆಟ

ನನ್ನ ಯಜಮಾನರ ತಿಥಿಯ ಊಟಕ್ಕೆ ಬಂದವರೆಲ್ಲ ಅವರ ತಾಳ್ಮೆಯನ್ನು ಹೊಗಳಿದರು. ಯಲಹಂಕ ಹಳೇ ಊರಿನ ನಮ್ಮ ಬೀದಿಯಲ್ಲಿ ಶಾಮಿಯಾನ ಕಟ್ಟಿಸಿದ್ದೆವು. ರೈಲ್ವೆಯ ಸಹೋದ್ಯೋಗಿಗಳು, ಜೊತೆಗೆ ಆಡಿದ ಹಳೆಯ ಆಟಗಾರರು, ಮಕ್ಕಳನ್ನು ಅವರ ಹತ್ತಿರ ಆಟ ಕಲಿಯಲು ಬಿಟ್ಟಿದ್ದ ಅಪ್ಪ ಅಮ್ಮಂದಿರು ಬಂದಿದ್ದರು. ಅಂಥ ತಾಳ್ಮೆಯ ಕೋಚ್ ಇನ್ನು ಸಿಗುವುದಿಲ್ಲ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳುತ್ತಿದ್ದರು. ನಾನು ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತು ಕೇಳಿಸಿಕೊಂಡೆ. ಅವರು ಬದುಕಿದ್ದಾಗ ಇದೇ ಜನ ಅದನ್ನು ತಾಳ್ಮೆ ಎಂದು ಕರೆಯುತ್ತಿರಲಿಲ್ಲ. ಹಟಮಾರಿ ಅನ್ನುತ್ತಿದ್ದರು, ಹಳೇ ಕಾಲದವನು ಅನ್ನುತ್ತಿದ್ದರು, ಹುಡುಗರ ವಯಸ್ಸು ಹಾಳು ಮಾಡುತ್ತಾನೆ ಅನ್ನುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಹೊಗಳಿದವರು ಚಿಕ್ಕಜಾಲದ ಕಡೆಯ ಒಬ್ಬ ಬಿಲ್ಡರ್. ಅವರ ಮಗನನ್ನು ಹಾಕಿಯಲ್ಲಿ ಮುಂದೆ ನಿಂತು ಆಡುವ ಫಾರ್ವರ್ಡ್ ಆಟಗಾರನನ್ನಾಗಿ ಮಾಡಲು ನಮ್ಮವರು ತಮ್ಮ ಕೊನೆಯ ವರ್ಷಗಳನ್ನು ಕೊಟ್ಟಿದ್ದರು. ಕೆಲಸ ಇನ್ನೂ ಮುಗಿದಿರಲಿಲ್ಲ. ಅದು ಮುಗಿಯಲು ಇವರು ಬಿಡುತ್ತಾರೋ ಇಲ್ಲವೋ ಎಂಬುದೊಂದೇ ಆ ದಿನ ನನಗಿದ್ದ ಚಿಂತೆ. ಅತ್ತು ಅತ್ತು ಕಣ್ಣು ಉರಿಯುತ್ತಿದ್ದರೂ ತಲೆಯಲ್ಲಿ ಅದೇ ಓಡುತ್ತಿತ್ತು.

ನಮ್ಮವರಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿದ್ದೇ ಹಾಕಿ ಆಟದಿಂದ. ಹಗಲು ಯಶವಂತಪುರ ಸ್ಟೇಷನ್ನಿನಲ್ಲಿ ಡ್ಯೂಟಿ, ಬೆಳಿಗ್ಗೆ ಸಂಜೆ ಮನೆಯ ಹತ್ತಿರದ ಮಣ್ಣಿನ ಮೈದಾನದಲ್ಲಿ ಹುಡುಗರು. ಆ ಹುಡುಗ ಬಂದಾಗ ಅವನಿಗೆ ಮೀಸೆ ಆಗತಾನೇ ಚಿಗುರುತ್ತಿತ್ತು. ಆದರೆ ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ, ಅದಕ್ಕೆ ತಕ್ಕ ಭುಜ. ಊರಿನ ಗದ್ದೆ ತೋಟವೆಲ್ಲ ಲೇಔಟ್ ಆಗುವ ಮೊದಲು ಅವನ ತಾತ ಮೂಟೆ ಹೊರುತ್ತಿದ್ದ ಭುಜ ಅದು ಎಂದು ಅವನ ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು.

ನಮ್ಮ ಕಡೆ ಹಾಕಿಯಲ್ಲಿ ಒಂದು ಅಭ್ಯಾಸವಿದೆ. ದಪ್ಪನೆಯ ಎತ್ತರದ ಹುಡುಗನನ್ನು ಕಂಡರೆ ಕಣ್ಣು ಮುಚ್ಚಿಕೊಂಡು ಹಿಂದೆ ನಿಲ್ಲಿಸುತ್ತಾರೆ, ಫುಲ್ ಬ್ಯಾಕ್ ಎಂದು. ಮುಂದೆ ನಿಂತು ಗೋಲು ಹೊಡೆಯುವ ಕೆಲಸ ಸಣ್ಣಗೆ ಚುರುಕಾಗಿರುವವರದ್ದು. ಈ ಹುಡುಗನನ್ನೂ ಎಲ್ಲರೂ ಹಿಂದಕ್ಕೆ ಕಳಿಸಿದ್ದರು. ನಮ್ಮವರು ಮಾತ್ರ ಮೊದಲ ವಾರವೇ ಮನೆಗೆ ಬಂದು, ಕಾಲು ತೊಳೆಯುವುದನ್ನೂ ಮರೆತು ನನಗೆ ಹೇಳಿದ್ದರು: "ಅವನು ಗೋಲಿಗೆ ಬೆನ್ನು ಮಾಡಿ ಚೆಂಡು ತಗೊಂಡ ಕಣೇ. ಹಿಂದೆ ಇಬ್ಬರು ನೂಕ್ತಾ ಇದ್ರು. ಅಲ್ಲಾಡಲಿಲ್ಲ. ಯಾರಿಗೆ ಕೊಡ್ಲಿ ಅಂತ ತಲೆ ಎತ್ತಿ ನೋಡ್ದ."

ತಲೆ ಎತ್ತಿ ನೋಡಿದ್ದಕ್ಕೆ ಇಷ್ಟು ಸಂತೋಷವೇ ಎಂದು ನಾನು ನಕ್ಕಿದ್ದೆ. ಆ ಹುಡುಗನ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ತಿರುಗುವುದರೊಳಗೆ ಚೆಂಡು ಹೋಗಿರುತ್ತಿತ್ತು. ನಿಲ್ಲಬೇಕಾದಲ್ಲಿ ನಿಲ್ಲಲಾಗದೆ ಎದುರಿನವರ ಮೇಲೆ ಬೀಳುತ್ತಿದ್ದ. ಮೂಳೆ ಬೆಳೆಯುವ ವಯಸ್ಸಾದ್ದರಿಂದ ಮಂಡಿ ಊದಿಕೊಳ್ಳುತ್ತಿತ್ತು. ನಮ್ಮವರು ಅವನ ಓಟ ಕಡಿಮೆ ಮಾಡಿದರು. ಆಮೇಲೆ ಯಾರೂ ಮಾಡದ ಒಂದು ಕೆಲಸ ಮಾಡಿದರು. ಬೆಳಗಿನ ಹೊತ್ತು ಅವನನ್ನು ಐದನೇ ಆರನೇ ಕ್ಲಾಸಿನ ಮಕ್ಕಳ ಜೊತೆ ಆಡಲು ಬಿಟ್ಟರು.

ನಿಯಮ ಒಂದೇ. ಯಾವ ಮಗುವಿಗೂ ಅವನ ಭುಜ ತಾಗಬಾರದು. ತಾಗಿದರೆ ಆ ಬೆಳಿಗ್ಗೆ ಅವನಿಗೆ ಆಟವಿಲ್ಲ, ಗೆರೆಯ ಆಚೆ ಕೂರಬೇಕು. ಮೊದಮೊದಲು ಅವನು ಆಡಿದ್ದಕ್ಕಿಂತ ಕೂತಿದ್ದೇ ಹೆಚ್ಚು. ಮಕ್ಕಳು ಅವನಿಗೆ ಜೆಸಿಬಿ ಎಂದು ಹೆಸರಿಟ್ಟವು. ಎರಡು ಜಡೆಯ ಒಂದು ಹುಡುಗಿ ಅವನ ಕಾಲ ಸಂದಿಯಿಂದಲೇ ಚೆಂಡು ಕಿತ್ತುಕೊಂಡು ಓಡುತ್ತಾ, "ಜೆಸಿಬಿ ಅಣ್ಣ, ನಿಂಗೆ ರಿವರ್ಸ್ ಗೇರ್ ಇಲ್ವಾ?" ಎಂದು ಕೇಳಿದ್ದಳಂತೆ. ಅದನ್ನು ಅವನೇ ನಮ್ಮ ಮನೆಯಲ್ಲಿ ರಾಗಿ ದೋಸೆ ತಿನ್ನುತ್ತಾ ಹೇಳಿ ನಗುತ್ತಿದ್ದ. ಮಾತು ಕಡಿಮೆಯ ಹುಡುಗ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ.

ದೊಡ್ಡ ಮೈಯವನಿಗೆ ನೂಕುವುದು ಯಾರೂ ಕಲಿಸದೆ ಬರುತ್ತದೆ, ನೂಕದೆ ಇರುವುದನ್ನು ಕಲಿಸಬೇಕು ಎಂದು ನಮ್ಮವರು ಹೇಳುತ್ತಿದ್ದರು. ಹೆಜ್ಜೆ ಸರಿಯಾದ ಮೇಲೆ ಭುಜವನ್ನು ಅವನಿಗೆ ವಾಪಸ್ ಕೊಡುತ್ತೇನೆ ಅನ್ನುತ್ತಿದ್ದರು. ನನಗೆ ಆಟ ತಿಳಿಯದು. ಆದರೆ ಒಂದು ದಿನ ಬುತ್ತಿ ಕೊಡಲು ಮೈದಾನಕ್ಕೆ ಹೋದಾಗ ಕಣ್ಣಾರೆ ಕಂಡೆ. ಮೂರು ಮಕ್ಕಳು ಅವನನ್ನು ಮುತ್ತಿಕೊಂಡಿದ್ದವು. ಇಕ್ಕಟ್ಟಾದ ಅಡುಗೆಮನೆಯಲ್ಲಿ ಕುದಿಯುವ ಸಾರಿನ ಪಾತ್ರೆ ಹಿಡಿದವರು ಕಾಲಡಿಯ ಮಗುವನ್ನು ತಪ್ಪಿಸಿ ತಿರುಗುತ್ತಾರಲ್ಲ, ಹಾಗೆ ಅವನು ಒಂದು ಕಾಲ ಮೇಲೆ ಮೆಲ್ಲಗೆ ತಿರುಗಿ ಚೆಂಡಿನ ಸಮೇತ ಆಚೆ ಬಂದ. ಯಾರಿಗೂ ತಾಗಲಿಲ್ಲ. ನಮ್ಮವರು ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡು ಊದದೆ ನಿಂತಿದ್ದರು.

ಅದೇ ತಿಂಗಳು ಅವನ ಅಪ್ಪ ಮೈದಾನಕ್ಕೆ ಬಂದರು. ತಮ್ಮ ಮಗ ಮಕ್ಕಳ ಜೊತೆ ಆಡುವುದನ್ನು ಯಾರೋ ಹೇಳಿ ನಕ್ಕಿದ್ದರಂತೆ. ಅಲ್ಲಿಂದ ನೇರ ನಮ್ಮ ಮನೆಗೇ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಏನ್ ಸಾ, ನನ್ ಮಗನ್ನ ಅಂಗನವಾಡಿಗ್ ಸೇರ್ಸಿದೀರಂತೆ? ಅವನ್ ವಯಸ್ನೋರೆಲ್ಲ ಕ್ಯಾಂಪಿಗ್ ಓಗಾಯ್ತು. ಇಂಗೆ ಆಡ್ಸುದ್ರೆ ಇವ್ನು ಮೇಲಕ್ ಓಗೋದ್ ಯಾವಾಗ?"

ನಮ್ಮವರು ಕಾಫಿ ಲೋಟವನ್ನು ಅವರ ಕಡೆ ಸರಿಸಿ ಕೇಳಿದರು: "ನೀವು ಮೋಲ್ಡ್ ಹಾಕಿದ ಮಾರನೇ ದಿನ ಸೆಂಟ್ರಿಂಗ್ ಬಿಚ್ತೀರಾ?"

"ಅದೆಂಗ್ ಬಿಚ್ಚೋಕಾಯ್ತದೆ ಸಾ, ಕುಸ್ದೋಯ್ತದೆ."

"ಮತ್ತೆ?"

ಅವರು ನಕ್ಕುಬಿಟ್ಟರು. ಆ ಸಲಕ್ಕೆ ಒಪ್ಪಿದರು. ಆದರೆ ಒಪ್ಪಿದ್ದು ಆ ಮಾತಿನ ಜಾಣತನಕ್ಕೇ ಹೊರತು ಮಾತಿಗಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ಆಮೇಲೆ ನಮ್ಮವರು ಅವನನ್ನು ಲೀಗ್ ಪಂದ್ಯಗಳಲ್ಲಿ ಸ್ವಲ್ಪ ಸ್ವಲ್ಪವೇ ಆಡಿಸತೊಡಗಿದರು. ಕೊನೆಯ ಕೆಲವು ನಿಮಿಷ, ಎದುರಿನವರು ದಣಿದ ಮೇಲೆ. ಅವನು ಗೋಲು ಹೊಡೆದದ್ದು ಕಡಿಮೆ. ಅವನು ಗೋಲಿನ ಮುಂದಿನ ಡಿ ಗೆರೆಯೊಳಗೆ ಬೆನ್ನು ಕೊಟ್ಟು ಚೆಂಡು ಹಿಡಿದು ನಿಂತರೆ ಇಬ್ಬರು ಮೂವರು ಅವನಿಗೇ ಅಂಟಿಕೊಳ್ಳುತ್ತಿದ್ದರು, ಪಕ್ಕದಲ್ಲಿ ಖಾಲಿ ಸಿಕ್ಕ ಇನ್ನೊಬ್ಬ ಹೊಡೆಯುತ್ತಿದ್ದ. ಪೇಪರಿನಲ್ಲಿ ಹೊಡೆದವನ ಹೆಸರು ಬರುತ್ತಿತ್ತು. ಅವನ ಅಪ್ಪ ಆ ಪೇಪರನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದು ತೋರಿಸುತ್ತಿದ್ದರು, ಮಗನ ಹೆಸರು ಎಲ್ಲಿದೆ ಎಂದು. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ದೊಡ್ಡ ಲೀಗಿನ ತಂಡವೊಂದರವರು ಆ ಹೊತ್ತಿಗೆ ಒಂದೆರಡು ಸಲ ವಿಚಾರಿಸಿದ್ದರು. ಇನ್ನೂ ಒಂದು ಸೀಸನ್ ಬೇಕು, ಸೊಂಟ ಬೆನ್ನು ಗಟ್ಟಿಯಾಗಲಿ ಎಂದು ನಮ್ಮವರು ಕೈಮುಗಿದು ಕಳಿಸಿದ್ದರು.

ಆ ಸೀಸನ್ನಿನಲ್ಲೇ ಅವರಿಗೆ ಎದೆಯಲ್ಲಿ ಹಿಡಿದಂತಾಗುತ್ತಿತ್ತು. ರೈಲ್ವೆ ಆಸ್ಪತ್ರೆಯಲ್ಲಿ ದೊಡ್ಡ ಪರೀಕ್ಷೆ ಮಾಡಿಸಿ ಎಂದಿದ್ದರು. ನಾನು ಹೇಳಿದಾಗಲೆಲ್ಲ ಲೀಗ್ ಮುಗಿಯಲಿ ಅನ್ನುತ್ತಿದ್ದರು. ಹುಡುಗನ ಮಂಡಿ ಒಂದು ಚೂರು ಊದಿದರೆ ಆಟ ನಿಲ್ಲಿಸುತ್ತಿದ್ದ ಮನುಷ್ಯ. ಒಂದು ದಿನ ಯಶವಂತಪುರದಲ್ಲಿ, ಮೇಲ್ಸೇತುವೆಯ ಮೆಟ್ಟಿಲು ಹತ್ತುವಾಗ ಕುಸಿದರಂತೆ. ಅಲ್ಲಿದ್ದ ಪೋರ್ಟರ್‌ಗಳು ಎತ್ತಿಕೊಂಡು ಓಡಿದರು. ನಾನು ಹೋಗುವುದರೊಳಗೆ ಎಲ್ಲ ಮುಗಿದಿತ್ತು. ಅವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಜನ ತಾಳ್ಮೆ ಎಂದಾಗೆಲ್ಲ ಅದು ಮೇಲಕ್ಕೆ ಬರುತ್ತದೆ.

ತಿಥಿ ಕಳೆದು ತಿಂಗಳೂ ಆಗಿರಲಿಲ್ಲ, ಬಿಲ್ಡರ್ ಮಗನನ್ನು ಒಂದು ಖಾಸಗಿ ಅಕಾಡೆಮಿಗೆ ಸೇರಿಸಿದರು. ಅಲ್ಲಿಯ ಕೋಚ್ ಅವನ ಮೈಕಟ್ಟು ನೋಡಿ ಮೊದಲ ದಿನವೇ ಹಿಂದಕ್ಕೆ ಹಾಕಿದನೆಂದು ಬೇರೆ ಹುಡುಗರು ಬಂದು ಹೇಳಿದರು. ಜೊತೆಗೆ ಪೆನಾಲ್ಟಿ ಕಾರ್ನರಿನ ಡ್ರ್ಯಾಗ್ ಫ್ಲಿಕ್. ಪೂರ್ತಿ ಬಗ್ಗಿ, ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಎಳೆದು, ಸೊಂಟ ತಿರುಚಿ ಗೋಲಿಗೆ ಎಸೆಯಬೇಕು. ಅದರ ಗೋಲು ಎಲ್ಲರ ಕಣ್ಣಿಗೆ ಬೀಳುತ್ತದೆ, ಪೇಪರಿನಲ್ಲಿ ಹೆಸರು ಬರುತ್ತದೆ. ಬೆಳಿಗ್ಗೆ ಸಂಜೆ ಅದನ್ನೇ ಮಾಡಿಸಿದರು. ಮಳೆಗಾಲ ಮುಗಿಯುವುದರೊಳಗೆ ಅವನ ಸೊಂಟದ ಹತ್ತಿರ ಬೆನ್ನುಮೂಳೆಯಲ್ಲಿ ಬಿರುಕು ಕಾಣಿಸಿತು.

ದೊಡ್ಡ ಲೀಗಿನವರು ಆಯ್ಕೆಗೆ ಬರುವ ದಿನ ಹತ್ತಿರವಾಗಿತ್ತು. ನೋವು ಮರೆಸುವ ಇಂಜೆಕ್ಷನ್ ತೆಗೆದುಕೊಂಡು ಆಡಬಹುದು ಎಂದು ಅಕಾಡೆಮಿಯವರು ಹೇಳಿದ್ದರು. ಹುಡುಗ ಹೂಂ ಅಂದಿರಲಿಲ್ಲ. ಆಗ ಅವನ ಅಪ್ಪ ನನ್ನನ್ನು ಹುಡುಕಿಕೊಂಡು ಬಂದರು. ಈ ಸಲ ಕುರ್ಚಿಯಲ್ಲಿ ಪೂರ್ತಿ ಒರಗಿ ಕೂತರು, ಆದರೆ ಮುಖ ಬಾಡಿತ್ತು.

"ನಿಮ್ ಮಾತಾದ್ರೆ ಕೇಳ್ತಾನೆ ಅಮ್ಮ. ಸಾರ್ ಇದ್ದಿದ್ರೆ ಆಡು ಅಂತಿದ್ರು ಅಂತ ಒಂದ್ ಮಾತ್ ಏಳಿ. ಇವಾಗ ಬಿಟ್ರೆ ಇನ್ಯಾವತ್ ಬತ್ತದೆ?"

"ಅವರು ಹಾಗೆ ಅಂತಿರಲಿಲ್ಲ," ಎಂದೆ.

"ಸತ್ತೋರ್ ಏನಂತಿದ್ರೋ ಯಾರಿಗ್ ಗೊತ್ತು ಅಮ್ಮ."

"ನನಗೆ ಗೊತ್ತು."

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಕೆಟ್ಟ ಮನುಷ್ಯರಲ್ಲ. ನಮ್ಮವರನ್ನು ಸುಡುಗಾಡಿಗೆ ಒಯ್ದಾಗ ಹೆಗಲು ಕೊಟ್ಟವರು. ಆದರೂ ಅವರು ಹೋದ ಮೇಲೆ ನಾನು ಅವರು ಕುಡಿದ ಲೋಟವನ್ನು ಎರಡು ಸಲ ತೊಳೆದೆ.

ಮಾರನೆಯ ದಿನ ಹುಡುಗನೇ ಬಂದ. ಕೂರಲು ಕಷ್ಟಪಟ್ಟು, ಕೊನೆಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಸರ್ ಆಗಿದ್ದರೆ ಏನು ಹೇಳುತ್ತಿದ್ದರು ಎಂದು ಕೇಳಿದ. ನಿಲ್ಲು, ಮೂಳೆ ಕೂಡಲಿ, ಮತ್ತೆ ಮಕ್ಕಳ ಜೊತೆ ಶುರು ಮಾಡೋಣ ಅನ್ನುತ್ತಿದ್ದರು ಎಂದು ಇದ್ದದ್ದನ್ನೇ ಹೇಳಿದೆ.

"ಸರ್ ಕಾಯ್ಸಿದ್ರು ಆಂಟಿ. ಆಮೇಲೆ ಅವ್ರೇ ಹೋಗ್ಬಿಟ್ರು. ಇನ್ನು ಯಾರ್ ಜೊತೆ ಕಾಯ್ಲಿ ನಾನು?"

ಆ ಮಾತನ್ನು ಅವನಿಗಿಂತ ಮೊದಲು ನಾನೇ ಎಷ್ಟೋ ಸಲ, ಒಬ್ಬಳೇ ತರಕಾರಿ ಹೆಚ್ಚುತ್ತಾ, ಗೋಡೆಗೆ ಹೇಳಿದ್ದೆ. ಊಟ ಮಾಡಿಕೊಂಡು ಹೋಗು ಎಂದೆ. ಬೇಡ ಎಂದ.

ಅವನು ಇಂಜೆಕ್ಷನ್ ತೆಗೆದುಕೊಂಡು ಆಡಿದ. ಹಿಂದೆ ನಿಂತು ಎದುರಿನವರನ್ನು ಭುಜದಿಂದ ನೂಕಿ ಕೆಡವಿದ, ಪೆನಾಲ್ಟಿ ಕಾರ್ನರಿನಲ್ಲಿ ಗೋಲು ಹೊಡೆದ. ಆಯ್ಕೆಯೂ ಆಯಿತು. ಅವನ ಅಪ್ಪ ನಮ್ಮ ಬೀದಿಯ ಎಲ್ಲ ಮನೆಗೂ ಸಿಹಿ ಹಂಚಿಸಿದರು, ನಮ್ಮ ಮನೆಗೆ ಮಾತ್ರ ತಾವೇ ಬಂದು ಕೊಟ್ಟರು. ಪೆಟ್ಟಿಗೆ ತೆಗೆಯದೆ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ. ತಂಡದ ಕ್ಯಾಂಪಿನಲ್ಲಿ ಒಂದು ಬೆಳಿಗ್ಗೆ ಅವನು ಶೂ ಕಟ್ಟಲು ಬಗ್ಗಿದವನು ಮೇಲೇಳಲಿಲ್ಲವಂತೆ. ಆಪರೇಷನ್ ಆಯಿತು. ಮನೆಗೆ ಕಳಿಸಿದರು. ಇನ್ನು ಓಡುವುದು ಬಗ್ಗುವುದು ಯಾವುದೂ ಬೇಡ ಎಂದು ಡಾಕ್ಟರು ಹೇಳಿದ್ದಾರಂತೆ.

ಹೋದ ವಾರ ಚಿಕ್ಕಜಾಲಕ್ಕೆ ಹೋಗಿ ಅವನನ್ನು ನೋಡಿ ಬಂದೆ. ದೊಡ್ಡ ಮನೆ, ಮುಂದೆ ಗ್ರಾನೈಟ್ ಜಗಲಿ. ಅಪ್ಪ ಸೈಟಿಗೆ ಹೋಗಿದ್ದರು. ಅವನು ನಡುಮನೆಯಲ್ಲಿ ನೆಲದ ಮೇಲೆ ಗಟ್ಟಿ ಹಾಸಿಗೆಯಲ್ಲಿ ಮಲಗಿದ್ದ. ಅಷ್ಟು ದೊಡ್ಡ ಮೈ ನೆಲದ ಮೇಲೆ ಚಾಚಿಕೊಂಡಿರುವುದನ್ನು ನೋಡಲಾಗದೆ ಟಿವಿ ಕಡೆ ನೋಡುತ್ತಾ ಕೂತೆ. ಅವನ ಅಮ್ಮ ಕಾಫಿ ತಂದುಕೊಟ್ಟು, ಏನೋ ನೆಪ ಮಾಡಿ ಒಳಗೆ ಹೋದರು.

"ಆಂಟಿ, ನಾನು ಫಾರ್ವರ್ಡ್ ಆಗ್ತಿದ್ನಾ?" ಎಂದು ಕೇಳಿದ. "ಸರ್ ನಿಮ್ಮತ್ರ ಏನಾದ್ರೂ ಹೇಳಿದ್ರಾ?"

ಆಗುತ್ತಿದ್ದೆ ಎಂದು ನಾಲಿಗೆಯ ತುದಿಯವರೆಗೂ ಬಂತು. ಆದರೆ ನಮ್ಮವರು ಆ ಮಾತನ್ನು ಒಂದು ದಿನವೂ ಆಡಿರಲಿಲ್ಲ. ಅಷ್ಟು ವರ್ಷ ಕಾದರು, ದಿನಾ ಅವನ ಹೆಜ್ಜೆಯ ಬಗ್ಗೆಯೇ ಮಾತಾಡಿದರು. ಆದರೆ ಆಗುತ್ತಾನಾ ಎಂದು ನಾನು ಕೇಳಿದಾಗಲೆಲ್ಲ ಅವರ ಉತ್ತರ ಒಂದೇ ಆಗಿತ್ತು.

"ನೋಡೋಣ ಅಂತಿದ್ರು ಕಣಪ್ಪ," ಎಂದೆ. "ಬೇರೆ ಏನೂ ಹೇಳಿರಲಿಲ್ಲ."

ಅವನು ಸೂರಿನ ಕಡೆ ನೋಡಿದ. ಬಾಯಿಗೆ ಕೈ ಅಡ್ಡ ಹಿಡಿಯದೆಯೇ ಸ್ವಲ್ಪ ನಕ್ಕ.

"ನೀವಾದ್ರೂ ಒಂದ್ ಸುಳ್ಳು ಹೇಳ್ಬಹುದಿತ್ತು ಆಂಟಿ."

ಹೇಳಬಹುದಿತ್ತು. ನಾನು ಕಾಫಿ ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು. ಬಿಡದೆ ಪೂರ್ತಿ ಕುಡಿದು, ಬಸ್ಸಿಗೆ ಹೊತ್ತಾಗುತ್ತದೆ ಎಂದು ಎದ್ದೆ.