ದಾನ ಕೊಟ್ಟ ಗಾಲ್ಫ್ ಕೋಲು

ನಾನು ಗಾಲ್ಫ್ ಕಲಿಯಲು ಹೊರಟದ್ದು ಐವತ್ತು ದಾಟಿದ ಮೇಲೆ. ಸಕ್ಕರೆ ಕಾಯಿಲೆ ಬಂದಿದೆ, ದಿನಾ ನಡೆಯಿರಿ ಎಂದಿದ್ದರು ಡಾಕ್ಟರು. ಸುಮ್ಮನೆ ನಡೆಯುವುದು ನನ್ನಿಂದಾಗದ ಕೆಲಸ. ತೀರಿಹೋದ ನನ್ನ ಅಣ್ಣನಿಗೆ ಈ ಆಟದ ಹುಚ್ಚಿತ್ತು. ಅವನಿದ್ದಾಗ ಅದನ್ನು ದೊಡ್ಡವರ ಗೋಲಿಯಾಟ ಎಂದು ಗೇಲಿ ಮಾಡಿದವನು ನಾನೇ. ಅವನು ಹೋದ ಮೇಲೆ, ಅದರಲ್ಲಿ ಅಂಥದ್ದೇನಿತ್ತು ಎಂದು ನೋಡುವ ಆಸೆಯಾಯಿತು.

ಶಂಶಾಬಾದ್ ಕಡೆಯ ಅಭ್ಯಾಸದ ಮೈದಾನದಲ್ಲಿ ಕಲಿಸುವವರು ಮೊದಲ ದಿನವೇ ಬುದ್ಧಿ ಹೇಳಿದರು. ಹೊಸಬರಿಗೆ ಹದಿನಾಲ್ಕು ಕೋಲು ಬೇಡ, ಐದಾರು ಸಾಕು. ಹೊಸ ಸೆಟ್ಟಿಗೆ ದುಡ್ಡು ಸುರಿಯಬೇಡಿ, ಹಳೆಯದು ನೋಡಿ. ಸರಳು ಬಾಗಿದೆಯೇ ಎಂದು ಕಣ್ಣಿನ ನೇರಕ್ಕೆ ಹಿಡಿದು ನೋಡಿ. ಸೆವೆನ್ ಐರನ್ ಎಂಬ ಕೋಲು ಮಾತ್ರ ಚೆನ್ನಾಗಿರಲಿ, ಕಲಿಯುವವರೆಲ್ಲ ಶುರು ಮಾಡುವುದು ಅದರಿಂದಲೇ. ನನ್ನಂಥ ಜಿಪುಣನಿಗೆ ಇದಕ್ಕಿಂತ ಸಿಹಿ ಮಾತು ಬೇಕೇ?

ಸನತ್‌ನಗರದಲ್ಲಿ ಹಳೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಐದು ಕೋಲುಗಳ ಚೀಲ ಸಿಕ್ಕಿತು. ನಾಲ್ಕು ಒಂದೇ ಜಾತಿಯವು. ಸೆವೆನ್ ಐರನ್ ಮಾತ್ರ ಬೇರೆಲ್ಲಿಂದಲೋ ತಂದು ಸೇರಿಸಿದ್ದು. ಹಿಡಿದು ನೋಡಿದೆ. ಹಿಡಿಕೆಯ ಸವೆದ ಜಾಗದಲ್ಲಿ ನನ್ನ ಹೆಬ್ಬೆರಳು ತಾನಾಗಿ ಹೋಗಿ ಕೂತಿತು. ತಿರುಗಿಸಿದಾಗ ಕೋಲಿನ ತಲೆಯ ಹಿಂಬದಿಯಲ್ಲಿ ಎರಡು ಚುಕ್ಕೆಗಳು ಕಂಡವು.

ಅಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ತನ್ನ ಪಾನಾ, ಸುತ್ತಿಗೆ ಬೇರೆಯವರದರಲ್ಲಿ ಬೆರೆಯಬಾರದೆಂದು ಅವುಗಳ ಮೇಲೆ ಪಂಚಿನಿಂದ ಎರಡು ಚುಕ್ಕೆ ಹೊಡೆದಿಡುತ್ತಿದ್ದ. ಆ ಚಟ ಕುಷಾಯಿಗೂಡದ ನಮ್ಮ ಮನೆಗೂ ಬಂದಿತ್ತು. ಟಿಫಿನ್ ಡಬ್ಬಿ, ಛತ್ರಿಯ ಹಿಡಿಕೆ, ಸಾಹೇಬರೊಬ್ಬರಿಂದ ಅಗ್ಗಕ್ಕೆ ಕೊಂಡ ಗಾಲ್ಫ್ ಕೋಲುಗಳು, ಎಲ್ಲದರ ಮೇಲೂ ಎರಡು ಚುಕ್ಕೆ.

ಸತ್ತವರ ದೂರದ ದಾರಿಗೆಂದು ನಮ್ಮಲ್ಲಿ ಚಪ್ಪಲಿ, ಛತ್ರಿ, ಊರುಗೋಲು ದಾನ ಕೊಡುತ್ತಾರೆ. ಅಣ್ಣನ ಕರ್ಮದ ದಿನ ಹೊಸ ಚಪ್ಪಲಿ ತಂದಿದ್ದೆವು. ಛತ್ರಿ ಅವನದೇ ಇರಲಿ ಎಂದರು ಅವನ ಹೆಂಡತಿ, ನಮ್ಮ ವೈನಿ. ಕೋಲು ತರುವ ಕೆಲಸ ನನ್ನದಾಗಿತ್ತು, ಮರೆತಿದ್ದೆ. ಭಟ್ಟರು ಕಾಯುತ್ತಿದ್ದರು. ಒಳಗೆ ಓಡಿ ಅವನ ಚೀಲದಿಂದ ಕೈಗೆ ಸಿಕ್ಕ ಕೋಲೊಂದನ್ನು ಎಳೆದು ತಂದೆ.

"ಇದೇನ್ರೀ, ಮೂತಿ ಸೊಟ್ಟ ಕೋಲು?" ಎಂದರು ಭಟ್ಟರು.

"ಅಂವ ಕೈಯಾಗ ಹಿಡಿದ ಕೋಲು ಇದೊಂದೇ ಜಾತಿದ್ರಿ," ಎಂದೆ. ಅಳುತ್ತಿದ್ದ ವೈನಿಯೂ ನಕ್ಕುಬಿಟ್ಟರು.

ಉಳಿದ ಕೋಲುಗಳು ಇಂದಿಗೂ ಅವನ ಚೀಲದಲ್ಲೇ ಇವೆ, ವೈನಿ ಯಾರಿಗೂ ಮುಟ್ಟಗೊಡುವುದಿಲ್ಲ; ಮನೆ ಬಿಟ್ಟು ಹೋದದ್ದು ಅದೊಂದೇ. ಭಟ್ಟರಾದರೂ ಅದನ್ನಿಟ್ಟುಕೊಂಡು ಏನು ಮಾಡಿಯಾರು? ಮಾರಿರಬೇಕು. ತಪ್ಪು ಅವರದಲ್ಲ. ಒಂದು ಊರುಗೋಲು ತರಲಾರದವನು ನಾನು.

ಚೀಲ ಕೊಂಡು ನೇರ ಮೈದಾನಕ್ಕೆ ಹೋದೆ. ನಾಲ್ಕು ಕೋಲುಗಳಲ್ಲಿ ಚೆಂಡು ಹುಲ್ಲು ಬಿಟ್ಟು ಏಳಲಿಲ್ಲ. ಐದನೆಯದರಲ್ಲಿ ಮೊದಲ ಏಟಿಗೇ ಎತ್ತರಕ್ಕೆ ಹಾರಿತು, ಕೊನೆಗೆ ಬಲಕ್ಕೆ ವಾಲಿತು. ಆ ಬಲಕ್ಕೆ ವಾಲುವ ಚೆಂಡನ್ನು ಬೈಯದೆ ಅಣ್ಣ ಒಂದು ದಿನವೂ ಊಟ ಮುಗಿಸಿದವನಲ್ಲ. ಮತ್ತೆ ಹೊಡೆದೆ. ಮತ್ತೆ ಅಲ್ಲೇ ವಾಲಿತು.

"ಮೊದಲು ಆಡಿದ್ದೀರಾ?" ಎಂದು ಕಲಿಸುವವರು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದೆ.

ಮನೆಗೆ ಬಂದಾಗ ವೈನಿ ಬಾಗಿಲಲ್ಲೇ ನನ್ನನ್ನು ತಡೆದರು. ನನ್ನ ಕೈಯಲ್ಲಿದ್ದ ಕೋಲಿನ ಚುಕ್ಕೆಗಳ ಮೇಲೆ ಬೆರಳಾಡಿಸಿದರು.

"ಕೊಟ್ಟದ್ದು ಹೊಸ್ತಿಲ ದಾಟಿ ಒಳಗ ಬರಬಾರದು. ಹೊರಗ ಇಡು."

ಚಪ್ಪಲಿ ಬಿಡುವ ಜಾಗದಲ್ಲಿ ಗೋಡೆಗೆ ಆನಿಸಿದೆ. ಅವರು ಹೊಸ್ತಿಲ ಒಳಗೇ ನೆಲದ ಮೇಲೆ ಕೂತರು. ಅಲ್ಲಿಂದಲೇ ಕೇಳಿದರು.

"ಹಂಗಾದ್ರ ಅವರು ಈಗ ಏನು ಹಿಡಕೊಂಡು ನಡ್ಯಾಕತ್ತಾರ?"

ಜಾರುತ್ತಿದ್ದ ಕೋಲನ್ನು ನಾನು ಮತ್ತೆ ಗೋಡೆಗೆ ಆನಿಸಿದೆ.

"ಛತ್ರಿ? ಅದೂ ಅಲ್ಲೇ ಇತ್ತೇನು?"

"ಇಲ್ರಿ ವೈನಿ," ಎಂದೆ.

ಅಂಗಡಿಯ ಬಾಗಿಲಲ್ಲಿ ಒಂದು ಬಕೆಟ್ಟಿನ ತುಂಬ ಹಳೆಯ ಛತ್ರಿಗಳಿದ್ದವು. ಅವುಗಳಲ್ಲಿ ಮರದ ಹಿಡಿಕೆಯ ಕರಿ ಛತ್ರಿಯೂ ಒಂದಿತ್ತು. ಹಿಡಿಕೆ ತಿರುಗಿಸಿ ನೋಡುವ ಧೈರ್ಯ ನನಗಾಗಿರಲಿಲ್ಲ.

ಆ ಸಂಜೆ ಮಳೆ ಹಿಡಿಯಿತು. ಎರಚಲು ಒಳಗೆ ಬರುತ್ತಿದ್ದರೂ ವೈನಿ ಬಾಗಿಲು ಹಾಕಲಿಲ್ಲ.