ಚರಗದ ಬುಟ್ಟಿ

ನಾನು ಬಿದ್ದದ್ದು ನನ್ನದೇ ಮನೆಯ ಮೆಟ್ಟಿಲ ಮೇಲೆ. ಅದೂ ನಾನೇ ಗೋಕಾಕಕ್ಕೆ ಹೋಗಿ, ನಾಲ್ಕು ಅಂಗಡಿ ಅಲೆದು, ಮುಖ ಕಾಣುವಷ್ಟು ಹೊಳೆಯಬೇಕು ಎಂದು ಹಟ ಹಿಡಿದು ಆರಿಸಿ ತಂದ ಕರಿ ಗ್ರಾನೈಟಿನ ಮೆಟ್ಟಿಲು. "ಇದು ಜಾರತೈತಿ ನೋಡ್ರಿ" ಎಂದು ಹೆಂಡತಿ ಅಂಗಡಿಯಲ್ಲೇ ಹೇಳಿದ್ದಳು. "ನಿನಗೇನ ತಿಳಿತೈತಿ, ಸುಮ್ಮನಿರು" ಎಂದು ಬಾಯಿ ಮುಚ್ಚಿಸಿದ್ದೆ. ದೀಪಾವಳಿ ಪಾಡ್ಯದ ಬೆಳಿಗ್ಗೆ ಅವಳು ಮೆಟ್ಟಿಲು ತೊಳೆದು ಒಳಗೆ ಹೋಗಿದ್ದಳು. ಮೂಡಲಗಿ ಪೇಟೆಯಲ್ಲಿ ನನ್ನದೊಂದು ಬೀಜ, ಗೊಬ್ಬರದ ಅಂಗಡಿ. ಅದರ ಪೂಜೆಗೆಂದು ಒಂದು ಕೈಯಲ್ಲಿ ಚೆಂಡು ಹೂವಿನ ಚೀಲ, ಹೆಗಲ ಮೇಲೆ ಐದು ಕಬ್ಬು ಹೊತ್ತು ಇಳಿಯುತ್ತಿದ್ದೆ. ಮೊದಲ ಮೆಟ್ಟಿಲು ನೆನಪಿದೆ. ಆಮೇಲೆ ಆಕಾಶ ಕಂಡಿತು. ಮೈತುಂಬ ಚೆಂಡು ಹೂ ಚೆಲ್ಲಿತ್ತು, ಎಡ ಮೊಣಕಾಲಿನ ಚಿಪ್ಪು ಒಡೆದಿತ್ತು.

ನನಗಾಗ ಐವತ್ತೆರಡು. ಬೀಳುವ ಗಳಿಗೆಯವರೆಗೂ ನನ್ನ ಲೆಕ್ಕದಲ್ಲಿ ನಾನು ಮೂವತ್ತೈದರವನೇ. ಹಮಾಲರಿಗೆ ಕಾಯದೆ ಗೊಬ್ಬರದ ಚೀಲ ಎತ್ತಿ ಟ್ರಾಲಿಗೆ ಎಸೆಯುತ್ತಿದ್ದೆ, ರೈತರು ನೋಡುತ್ತಿದ್ದರಂತೂ ಎರಡು ಹೆಚ್ಚೇ ಎಸೆಯುತ್ತಿದ್ದೆ. ಮುಪ್ಪು ಎಂಬುದು ಮಂದಿಯ ಮನೆಗೆ ಬರುವ ಬೀಗರು ಎಂದುಕೊಂಡಿದ್ದೆ. ಅದು ನನ್ನ ಮನೆಯ ಮೆಟ್ಟಿಲಲ್ಲೇ ಕಾದು ಕೂತಿತ್ತು.

ಗೋಕಾಕದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ತುಕ್ಕಾನಟ್ಟಿಯಿಂದ ಅಣ್ಣ ಬಂದ. ನಾವಿಬ್ಬರು ಬೇರೆಯಾಗಿ ಬಹಳ ವರ್ಷವಾಗಿದ್ದರೂ ಹೊಲ ಇನ್ನೂ ಒಂದೇ ಕಡೆ ಇದೆ, ನನ್ನ ಪಾಲನ್ನೂ ಅವನೇ ನೋಡಿಕೊಳ್ಳುತ್ತಾನೆ. ನನಗಿಂತ ಸರಿಯಾಗಿ ಹತ್ತು ವರ್ಷ ದೊಡ್ಡವನು. ನಾಲ್ಕು ದಿನ ನನ್ನ ಮಂಚದ ಕೆಳಗೆ ಬರಿ ಫರಸಿಯ ಮೇಲೆ ಕಂಬಳಿ ಹಾಸಿ ಮಲಗಿದ. ಬೆಳಿಗ್ಗೆ ಕೈ ಊರದೆ, ಒಂದು ನರಳಿಕೆಯಿಲ್ಲದೆ ಎದ್ದು ಕೂಡುತ್ತಿದ್ದ. ಮೊದಲ ದಿನ ನನಗೆ ಅದು ಕಾಣಲೇ ಇಲ್ಲ. ಎರಡನೆಯ ದಿನ ಕಂಡಿತು. ಮೂರನೆಯ ದಿನ ಅವನು ಏಳುವ ಮುಂಚೆಯೇ ಎಚ್ಚರಾಗಿ, ಇವತ್ತಾದರೂ ಕೈ ಊರುತ್ತಾನೋ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಊರಲಿಲ್ಲ.

ಮನೆಗೆ ಬಿಟ್ಟ ದಿನ ವಾಕರ್ ಹಿಡಿದು ಔಷಧಿ ಅಂಗಡಿಯ ಮುಂದೆ ನಿಂತಿದ್ದೆ. ನಾಲ್ಕು ದಿನದ ಬಿಳಿ ಗಡ್ಡ, ಹೆಗಲ ಮೇಲೆ ಟವೆಲ್ಲು. ಅಣ್ಣ ಚೀಟಿ ಕೊಟ್ಟ. ಕೌಂಟರಿನ ಹೆಣ್ಣುಮಗಳು ನನ್ನನ್ನೊಮ್ಮೆ ನೋಡಿ ಅವನಿಗೆ ಹೇಳಿದಳು: "ಕಾಕಾರ, ನಿಮ್ಮ ಅಣ್ಣಾರಿಗೆ ಈ ಗುಳಗಿ ಊಟ ಆದಮ್ಯಾಲೆ ಕೊಡ್ರಿ. ವಯಸ್ಸಾದವರಿಗೆ ಖಾಲಿ ಹೊಟ್ಟ್ಯಾಗ ಆಗಂಗಿಲ್ಲ."

ನಿಮ್ಮ ಅಣ್ಣಾರಿಗೆ! ನಾನು ಬಾಯಿ ತೆರೆಯುವುದರೊಳಗೆ ಅಣ್ಣ "ಹೌಂದ್ರಿ, ಕೊಡ್ತೇನ್ರಿ" ಎಂದು ಗುಳಿಗೆ ಜೇಬಿಗೆ ಹಾಕಿಕೊಂಡ. ತಿದ್ದಲೇ ಇಲ್ಲ. ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡು ಕೂತೆ. "ಕಾಲ ನೂಸಾಕತ್ತೈತೇನು?" ಎಂದು ಅವನು ಎರಡು ಸಲ ಕೇಳಿದ. ಇಲ್ಲ ಎಂದೆ. ನೋಯುತ್ತಿದ್ದದ್ದು ಕಾಲಲ್ಲ.

ಆಮೇಲೆ ಆರು ವಾರ ಪಡಸಾಲೆಯ ಮಂಚವೇ ನನ್ನ ಲೋಕ. ನೋಡಲು ಬಂದವರೆಲ್ಲ ಒಂದು ಬಿಸ್ಕಿಟ್ ಪುಡಿಕೆ, ಜೊತೆಗೆ ಹೀಗೇ ಬಿದ್ದು ಮತ್ತೆ ಏಳದವರ ಒಂದು ಕಥೆ ತಂದರು. ನಾನು ಕಥೆ ಕೇಳುತ್ತಿರಲಿಲ್ಲ, ಅವರ ಕಾಲು ನೋಡುತ್ತಿದ್ದೆ. ಯಾರು ಮೆಟ್ಟಿಲನ್ನು ನೋಡದೆ ಹತ್ತಿದರು, ಯಾರು ಚಕ್ಕಳಮಕ್ಕಳ ಹಾಕಿ ಕೂತರು, ಎಲ್ಲ ಲೆಕ್ಕ ಇಡುತ್ತಿದ್ದೆ. ಸ್ಟೂಲಿನ ಮೇಲೆ ನಿಂತು ಜೇಡರ ಬಲೆ ತೆಗೆಯುವ ಹೆಂಡತಿಯನ್ನು ಕಂಡರೂ ಹೊಟ್ಟೆಕಿಚ್ಚು. ಕಾಂಪೌಂಡ್ ಹಾರುವ ಬಾಜೂ ಮನೆಯ ಬೆಕ್ಕಿನ ಮೇಲೂ ಹೊಟ್ಟೆಕಿಚ್ಚು. ಇವೆಲ್ಲ ಚಿಲ್ಲರೆ. ನಿಜವಾದ ಉರಿ ಅಣ್ಣನ ಮೇಲೆ.

ಅವನು ಎರಡು ದಿನಕ್ಕೊಮ್ಮೆ ಬರುತ್ತಿದ್ದ. ಕುರ್ಚಿ ತೋರಿಸಿದರೂ ಕೂಡದೆ ನನ್ನ ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಕಬ್ಬಿನ ಕಟಾವು, ಕರೆಂಟು, ಎಮ್ಮೆ ಎಲ್ಲ ಮಾತಾಡಿ, ಹಾಗೇ ಸರ್ರನೆ ಎದ್ದು ಹೋಗುತ್ತಿದ್ದ. ಹುಕ್ಕೇರಿಗೆ ಕೊಟ್ಟ ಅಕ್ಕ ನನ್ನನ್ನು ನೋಡಲು ಬಂದ ದಿನ ಅವನೂ ಇದ್ದ. ಅವಳು ಅವನನ್ನೂ ನನ್ನನ್ನೂ ಒಂದು ಸಲ ನೋಡಿ, "ಅಯ್ಯ, ದೊಡ್ಡಾಂವ ಹ್ಯಾಂಗದಾನ ನೋಡು. ನೀನ ಮೊದಲ ಮುದುಕ ಆದೆಲ್ಲೋ ತಮ್ಮಾ" ಎಂದಳು. ಅಕ್ಕರೆಯಿಂದಲೇ ಅಂದದ್ದು. ಅಣ್ಣ ನಕ್ಕ. ಆ ನಗುವನ್ನು ನಾನು ಮರೆಯಲಿಲ್ಲ.

ಇಷ್ಟೆಲ್ಲ ಉರಿದರೂ ನನ್ನ ಕಣ್ಣು ಇದ್ದದ್ದು ಎಳ್ಳಮಾಸಿಯ ಮೇಲೆ. ನಮ್ಮ ಕಡೆ ಆ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಮಾಡಿದ ಅಡುಗೆಯನ್ನೆಲ್ಲ, ಕಡುಬು, ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪಲ್ಯ, ಅನ್ನ, ಬುಟ್ಟಿಯಲ್ಲಿ ಕಲಸಿ ಚರಗ ಮಾಡುತ್ತೇವೆ. ಒಬ್ಬ ಬುಟ್ಟಿ ಹಿಡಿದು "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತ ಹೊಲದ ಸುತ್ತ ಚರಗ ಚೆಲ್ಲುತ್ತ ಹೋಗಬೇಕು. ಇನ್ನೊಬ್ಬ "ಸಲಾಂಬ್ರಿಗ್ಯೋ" ಎಂದು ಓ ಕೊಡುತ್ತ, ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ ಬರಬೇಕು. ಭೂತಾಯಿಗೆ ಊಟ. ನಮ್ಮ ಸುತ್ತಮುತ್ತ ಎಲ್ಲ ಕಬ್ಬೇ ಆದರೂ ಇದಕ್ಕೆಂದೇ ಅಣ್ಣ ಎರಡೆಕರೆ ಬಿಳಿಜೋಳ ಬಿತ್ತುತ್ತಾನೆ.

ಮುಂದೆ ಬುಟ್ಟಿ ಹಿಡಿಯುವವನು ನಾನು. ವರ್ಷದ ಉಳಿದ ದಿನವೆಲ್ಲ ಗಲ್ಲೆಯ ಹಿಂದೆ ಕೂತು ಮಂದಿಯ ಹೊಲಕ್ಕೆ ಗೊಬ್ಬರ ಮಾರುವವನಿಗೆ ಆ ಒಂದು ದಿನ ನಾನೂ ಹೊಲದವನೇ ಎಂಬ ಸೊಕ್ಕು. ನಾಲ್ಕು ಹೊಲದಾಚೆ ಕೇಳುವ ಹಾಗೆ ಕೂಗುತ್ತಿದ್ದೆ. ಈ ವರ್ಷವೂ ನಾನೇ ಚೆಲ್ಲಬೇಕು, ಚೆಲ್ಲಿದರೆ ನಾನು ಮುದುಕನಲ್ಲ, ಇಷ್ಟೇ ನನ್ನ ಲೆಕ್ಕ.

ಹೆಂಡತಿ ಹಿತ್ತಲಿಗೆ ಹೋದಾಗ ವಾಕರ್ ಬಿಟ್ಟು ಗೋಡೆ ಹಿಡಿದು ನಡೆಯುವುದನ್ನು ಕಲಿತೆ. ಒಂದು ದಿನ ಸಿಕ್ಕಿಬಿದ್ದೆ. "ಏನ್ರಿ ಇದು? ಇನ್ನ ಎರಡ ತಿಂಗಳ ಹೊಲದಾಗ ಕಾಲ ಇಡಬಾರದಂತ ಡಾಕ್ಟರ ಹೇಳಿಲ್ಲೇನು?" ಎಂದಳು.

"ಮತ್ತ ಚರಗ ಯಾರ ಚೆಲ್ಲತಾರ?"

"ಭಾವಾರ ಅದಾರಲ್ಲ. ಗಟ್ಟಿ ಅದಾರ."

ಗಟ್ಟಿ ಅದಾರ. ಇಡೀ ಮೂಡಲಗಿಯಲ್ಲಿ ಆ ಮಾತಿಗಿಂತ ಕೆಟ್ಟ ಬೈಗುಳ ಇರಲಿಲ್ಲ.

ಅಣ್ಣ ಮಾತ್ರ ಆ ವಿಷಯ ಎತ್ತಲೇ ಇಲ್ಲ. ಅವನೇ ಕೇಳಲಿ ಎಂದು ನಾನು ಕಾದೆ. ಅಮಾವಾಸ್ಯೆಗೆ ಎರಡು ದಿನ ಇರುವಾಗ ಹಸಿಕಡಲೆಯ ಒಂದು ಹೊರೆ ತಂದು ಹಾಕಿ, "ಗಾಡಿ ಕಳಸ್ತೇನಿ. ಬನ್ನಿಗಿಡದ ಕೆಳಗ ನಿನಗೊಂದು ಕುರ್ಚೆ ಹಾಕಸ್ತೇನಿ" ಎಂದ. ಕುರ್ಚೆ! ಬೀಗರ ಕಡೆಯ ಅಜ್ಜಿಗೆ ಹಾಕಿಸುವ ಹಾಗೆ.

ಹೋದೆ. ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಇಟ್ಟು ಪೂಜೆ ಮಾಡಿದರು. ಜೋಳ ಕುತ್ತಿಗೆಯುದ್ದ ಬೆಳೆದು ತೆನೆ ಹಾಯುತ್ತಿತ್ತು. ಹೆಂಡತಿ ಚರಗ ಕಲಸಿ ಬುಟ್ಟಿ ನೆಲಕ್ಕಿಟ್ಟಳು. ನನಗೂ ಬುಟ್ಟಿಗೂ ನಡುವೆ ನಾಲ್ಕು ಹೆಜ್ಜೆ. ನಾನು ಕುರ್ಚಿಯ ಕೈ ಹಿಡಿದು ಏಳುತ್ತಿರುವಾಗಲೇ ಅಣ್ಣ ರುಮಾಲು ಬಿಗಿದು, ಬಗ್ಗಿ, ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡ. ನೀರಿನ ತಂಬಿಗೆಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟ. ಕೊನೆಗೆ ತಂಬಿಗೆಯೂ ನನಗಿಲ್ಲ.

ತಡೆಯಲಾಗಲಿಲ್ಲ. "ಅರವತ್ತೆರಡಕ್ಕ ಇದೆಲ್ಲ ಬ್ಯಾಡ ಅಣ್ಣಾ" ಎಂದೆ. "ಎರಿ ಭೂಮಿ ಬಿರಕ ಬಿಟ್ಟೈತಿ, ಅದರಾಗ ಕಾಲ ಸಿಗತೈತಿ. ನಿನಗ ವಯಸ್ಸಾತು."

ಅವನು ತಿರುಗಿ ನೋಡಿದ. ಸಿಟ್ಟಿರಲಿಲ್ಲ. ನಾಳೆ ನೀರಿನ ಪಾಳಿ ಯಾರದು ಎಂದು ಹೇಳುವ ಹಾಗೆ ಹೇಳಿದ: "ನೀ ನನ್ನ ಕೈಯಾಗಿಂದ ಬುಟ್ಟಿ ಇಸಗೊಂಡಾಗ ನನಗ ಐವತ್ತೆರಡ ಇತ್ತು."

ಹೇಳಿ ಹೊರಟೇಬಿಟ್ಟ.

ಹತ್ತು ವರ್ಷದ ಹಿಂದಿನ ಅಮಾವಾಸ್ಯೆ ನನಗೆ ಆಗ ನೆನಪಾಯಿತು. ಅಲ್ಲಿಯವರೆಗೆ ಚೆಲ್ಲುತ್ತಿದ್ದವನು ಅಣ್ಣ. ಆ ವರ್ಷ ಅವನ ಅಂಗಾಲಿಗೆ ಜಾಲಿಮುಳ್ಳು ನೆಟ್ಟು ಸ್ವಲ್ಪ ಕುಂಟುತ್ತಿದ್ದ. ಇದೇ ಗಿಡದ ಕೆಳಗೆ, ಎಲ್ಲರ ಮುಂದೆ, ಅವನ ಸೊಂಟದಿಂದ ಬುಟ್ಟಿ ಕಿತ್ತುಕೊಂಡು, "ಅಣ್ಣಾ, ನಿನಗ ವಯಸ್ಸಾತು, ನೀರ ಹಾಕ್ಕೋಂತ ಹಿಂದ ಬಾ" ಎಂದಿದ್ದೆ. ಎಲ್ಲರೂ ನಕ್ಕಿದ್ದರು. ಮುಳ್ಳಿನ ಗಾಯ ವಾರದಲ್ಲಿ ಮಾಯ್ದಿತು. ಬುಟ್ಟಿಯನ್ನು ನಾನು ಮರಳಿ ಕೊಡಲಿಲ್ಲ, ಅವನು ಕೇಳಲಿಲ್ಲ. ಇವತ್ತು ನನಗೆಷ್ಟು ವಯಸ್ಸೋ ಅವತ್ತು ಅವನಿಗೆ ಅಷ್ಟೇ.

ಇದನ್ನು ತಿಳಿದ ಮೇಲೆ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ನಾಚಿಕೆ ಒಂದು ಕಡೆ, ಉರಿ ಇನ್ನೊಂದು ಕಡೆ, ಎರಡೂ ಸೇರಿ ಕೂಡಲು ಬಿಡಲಿಲ್ಲ. ಜೋಳದ ಮೇಲೆ ಅವನ ಬಿಳಿ ರುಮಾಲು ಒಂದೇ ಕಾಣುತ್ತಿತ್ತು, ಬದುವಿನುದ್ದಕ್ಕೂ ಸರಸರ ಸಾಗುತ್ತಿತ್ತು. "ಹುಲ್ಲುಲ್ಲಿಗ್ಯೋ..." ಅವನ ದನಿ ನನ್ನದಕ್ಕಿಂತ ದೂರ ಹೋಗುತ್ತದೆ ಎಂದು ಆ ದಿನ ಗೊತ್ತಾಯಿತು. "ಸಲಾಂಬ್ರಿಗ್ಯೋ..." ಹಿಂದಿನಿಂದ ನನ್ನ ಹೆಂಡತಿ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಖುಷಿಯಿಂದ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಎಡವಲಿ, ಎಂದು ಮನಸ್ಸಿನಲ್ಲಿ ಅಂದೆ. ಪೆಟ್ಟಾಗುವುದು ಬೇಡ, ಬೀಳುವುದೂ ಬೇಡ. ಒಂದೇ ಒಂದು ಸಲ, ಎಲ್ಲರೂ ನೋಡುವ ಹಾಗೆ, ಎಡವಲಿ.

ಮೂಡಣ ಮೂಲೆಯ ಹತ್ತಿರ ರುಮಾಲು ತಟ್ಟನೆ ಕೆಳಗೆ ಹೋಗಿ ಕಾಣದಾಯಿತು. ನನ್ನ ಎದೆ ಹಾರಿತು. ಸುಳ್ಳೇಕೆ ಹೇಳಲಿ, ಖುಷಿಗೇ ಹಾರಿತು. ಮರುಗಳಿಗೆ ರುಮಾಲು ಮೇಲೆದ್ದಿತು. ಬಾಗಿದ್ದ ಒಂದು ಜೋಳದ ದಂಟನ್ನು ಎತ್ತಿ ನಿಲ್ಲಿಸಲು ಬಗ್ಗಿದ್ದನಂತೆ.

ಸುತ್ತು ಮುಗಿಸಿ ಬಂದಾಗ ಅವನಿಗೆ ಏದುಸಿರು ಕೂಡ ಇರಲಿಲ್ಲ. ಕುರ್ಚಿಯ ಮುಂದೆ ನಿಂತು ಬುಟ್ಟಿ ವಾಲಿಸಿ ತೋರಿಸಿದ. ತಳದಲ್ಲಿ ಎರಡು ಹಿಡಿ ಚರಗ ಉಳಿದಿತ್ತು.

"ಈ ಮೂಲಿ ಒಂದ ಬಿಟ್ಟೇನಿ. ಏಳು, ನೀ ಚೆಲ್ಲು."

ನಾನು ಅವನಿಗೆ ಹತ್ತು ವರ್ಷದಲ್ಲಿ ಒಂದು ಹಿಡಿಯನ್ನೂ ಬಿಟ್ಟಿರಲಿಲ್ಲ. ವಾಕರ್ ಊರಿ ಎದ್ದೆ. ಬದುವಿನವರೆಗೆ ನಾಲ್ಕು ಹೆಜ್ಜೆ, ನಾಲ್ಕಕ್ಕೂ ಮೊಣಕಾಲು ಕೂಗಿತು. ಒಂದು ಹಿಡಿ ತೆಗೆದು ಜೋಳದೊಳಕ್ಕೆ ಎಸೆದು ಕೂಗಿದೆ. ದನಿ ಅರ್ಧಕ್ಕೇ ಒಡೆಯಿತು. ಅಣ್ಣ ಹಿಂದಿನಿಂದ ಓ ಕೊಟ್ಟ, ಹತ್ತು ವರ್ಷ ಕೊಟ್ಟಂತೆಯೇ.

ಎರಡನೆಯ ಹಿಡಿ ಕೈಯಲ್ಲಿಟ್ಟುಕೊಂಡೇ ಕೇಳಿದೆ. "ಖರೆ ಹೇಳಣ್ಣಾ. ಅಷ್ಟ ವರ್ಷ ನನ್ನ ಹಿಂದ ನಡಿವಾಗ ನಿನಗ ಹೊಟ್ಟಿ ಉರೀಲಿಲ್ಲೇನು?"

"ಉರೀತಿತ್ತಲ್ಲ" ಎಂದ. "ಪ್ರತಿ ವರ್ಷ ನೀ ಎಲ್ಯರ ಒಂದ ಸಲ ಎಡವ್ತಿಯೇನಂತ ನೋಡಕೋಂತ ಬರತಿದ್ದೆ."

ನಾನು ಅವನ ಮುಖ ನೋಡಿದೆ. ಅವನು ನನ್ನ ಕಾಲು ನೋಡುತ್ತಿದ್ದ, ಬಿರುಕಿನ ಅಂಚಿಗೆ ವಾಕರಿನ ಒಂದು ಕಾಲು ಬಂದಿತ್ತು. "ಹುಷಾರ" ಎಂದು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದ. ಉಳಿದ ಹಿಡಿಯನ್ನೂ ಚೆಲ್ಲಿ, ಖಾಲಿ ಬುಟ್ಟಿಗೆಂದು ಕೈ ಚಾಚಿದೆ.

ಅಣ್ಣ ನನ್ನ ಮೊಣಕೈ ಬಿಡಲಿಲ್ಲ. ಬುಟ್ಟಿ ಮಾತ್ರ ಕೊಡಲಿಲ್ಲ.